ಐದನೇ ಪ್ರಶ್ನೆಗೆ ಸೊನ್ನೆ ಯಾಕೆ ಬಂತು

ಪ್ರಿಯ ಪೋಷಕರೇ,

ಭೌತಶಾಸ್ತ್ರದ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದ ಮೇಲೆ ಸುಮಾರು ಜನ ಫೋನ್ ಮಾಡಿದಿರಿ. ಮಕ್ಕಳು ಪುಟ ತುಂಬ ಬರೆದಿದ್ದಾರೆ, ಆದರೂ ಐದನೇ ಪ್ರಶ್ನೆಗೆ ಸೊನ್ನೆ ಯಾಕೆ ಅಂತ ಎಲ್ಲರೂ ಕೇಳಿದಿರಿ.

ಪ್ರಶ್ನೆ ಇದು: ಲೋಹದ ಮೇಲೆ ಬೀಳುವ ಬೆಳಕನ್ನು ಜಾಸ್ತಿ ಮಾಡಿದರೆ, ಅದರಿಂದ ಹೊರಬರುವ ಎಲೆಕ್ಟ್ರಾನ್‌ಗಳಿಗೆ (ಋಣ ವಿದ್ಯುದಂಶದ ಪುಟ್ಟ ಕಣಗಳಿಗೆ) ಏನಾಗುತ್ತದೆ? ಮಕ್ಕಳು ಬರೆದದ್ದು ಇಷ್ಟು: ಲೋಹದ ಮೇಲೆ ಬೀಳುವ ಬೆಳಕನ್ನು ಜಾಸ್ತಿ ಮಾಡಿದರೆ ಎಲೆಕ್ಟ್ರಾನ್‌ಗಳು ಇನ್ನೂ ವೇಗವಾಗಿ ಹೊರಬರುತ್ತವೆ. ಸರಿ ಅನ್ನಿಸುತ್ತದೆ, ಅಲ್ವಾ? ಓದುವ ಕಾಲದಲ್ಲಿ ನಾನೂ ಇದನ್ನೇ ಬರೆದು ಬೈಸಿಕೊಂಡಿದ್ದೇನೆ. ಬೆಳಕು ಬರೀ ಅಲೆ ಅಂದುಕೊಂಡರೆ ಬರಬೇಕಾದ ಉತ್ತರವೂ ಇದೇ. ಆದರೆ 1902ರಲ್ಲಿ ಭೌತವಿಜ್ಞಾನಿ ಲೆನಾರ್ಡ್ ಅಳೆದು ನೋಡಿದಾಗ, ಬೆಳಕು ಹೆಚ್ಚಿದಷ್ಟೂ ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚಿತು, ಅವುಗಳ ಗರಿಷ್ಠ ವೇಗ ಮಾತ್ರ ಇದ್ದಲ್ಲೇ ಇತ್ತು.

ಕಾರಣ ಹೇಳಿದ್ದು ಐನ್‌ಸ್ಟೈನ್, 1905ರಲ್ಲಿ. ಬೆಳಕಿನ ಶಕ್ತಿ ಪೊಟ್ಟಣಗಳಾಗಿ ಬರುತ್ತದೆ, ಒಂದು ಎಲೆಕ್ಟ್ರಾನ್‌ಗೆ ಒಂದು ಪೊಟ್ಟಣ. ಪೊಟ್ಟಣ ಎಷ್ಟು ದೊಡ್ಡದು ಅನ್ನುವುದನ್ನು ಆವರ್ತನ, ಅಂದರೆ ಬೆಳಕಿನ ಬಣ್ಣ, ತೀರ್ಮಾನಿಸುತ್ತದೆ. ತೀವ್ರತೆ ಹೆಚ್ಚಿಸಿದರೆ ಅದೇ ಅಳತೆಯ ಪೊಟ್ಟಣಗಳು ಜಾಸ್ತಿ ಬರುತ್ತವೆ, ಅಷ್ಟೇ. ಸೋಡಿಯಂನಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಅತಿ ಚಿಕ್ಕ ಅಳತೆ) ಬೇಕು. ಕೆಂಪು ಬೆಳಕಿನ ಪೊಟ್ಟಣದಲ್ಲಿ ಇರುವುದು ಸುಮಾರು 1.8, ಹಾಗಾಗಿ ಎಷ್ಟೇ ಪ್ರಖರವಾದ ಕೆಂಪು ದೀಪವನ್ನು ದಿನವಿಡೀ ಹಿಡಿದು ಕೂತರೂ ಒಂದೂ ಹೊರಬರುವುದಿಲ್ಲ. ನೇರಳೆ ಬೆಳಕಿನಲ್ಲಿ 3.1 ಇದೆ. ಅದು ಮಂಕಾಗಿದ್ದರೂ ಸಾಕು, ಎಲೆಕ್ಟ್ರಾನ್ ತಕ್ಷಣ ಹೊರಗೆ, ಉಳಿದ 0.8 ಅದರ ಓಟಕ್ಕೆ.

ಸುಮ್ನೆ ಬಾಯಿಪಾಠ ಮಾಡಿಸಿದರೆ ಇದು ತಲೆಗೆ ಹೋಗುವುದಿಲ್ಲ. ಅದಕ್ಕೇ ಮುಂದಿನ ವಾರ ಋಣ ವಿದ್ಯುದಂಶ ಕೊಟ್ಟ ಸತುವಿನ ತಟ್ಟೆಯ ಮೇಲೆ ಅತಿನೇರಳೆ ದೀಪ ಹಾಯಿಸಿ ತೋರಿಸುತ್ತೇವೆ. ಎಲೆಕ್ಟ್ರಾನ್ ಹೊರಹೋದಂತೆ, ತಟ್ಟೆಗೆ ಜೋಡಿಸಿದ ಎಲೆಕ್ಟ್ರೋಸ್ಕೋಪಿನ (ವಿದ್ಯುದಂಶ ಇದ್ದರೆ ತೆಳು ಲೋಹದ ಎಲೆ ಎದ್ದು ನಿಲ್ಲುವ ಉಪಕರಣ) ಎಲೆ ಕುಸಿಯುತ್ತದೆ. ನಡುವೆ ಒಂದು ಕಿಟಕಿ ಗಾಜು ಹಿಡಿದರೆ ಸಾಕು, ಅದು ಅತಿನೇರಳೆಯನ್ನು ತಡೆಯುವುದರಿಂದ ಕುಸಿಯುವುದು ನಿಲ್ಲುತ್ತದೆ, ಗಾಜಿನ ಆಚೆ ಬೆಳಕು ಕಣ್ಣಿಗೆ ಕಾಣುತ್ತಲೇ ಇದ್ದರೂ! (ನನಗೆ ಇವತ್ತಿಗೂ ಇಷ್ಟವಾದ ಭಾಗ ಇದು.)

ಈ ದೀಪ ಕಣ್ಣಿಗೆ ಒಳ್ಳೆಯದಲ್ಲ. ಅದನ್ನು ಶಿಕ್ಷಕರೇ ಹಿಡಿಯುತ್ತಾರೆ, ಮಕ್ಕಳಿಗೆ ರಕ್ಷಣಾ ಕನ್ನಡಕ ಕೊಟ್ಟು ದೂರ ಕೂರಿಸುತ್ತೇವೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಪ್ರಯೋಗ ಆದ ಮೇಲೆ ಅದೇ ಪ್ರಶ್ನೆಗೆ ಇನ್ನೊಮ್ಮೆ ಬರೆಯಬಹುದು, ಆ ಅಂಕವನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ