ಕಣ್ಣೀರು ಹಾಕಿದ್ದು ಯಾರು ಸ್ವಾಮಿ?

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪೇಪರ್‌ನ ನಾಲ್ಕನೇ ಪುಟದಲ್ಲಿ ‘ಲಂಕೆಯ ರಣಭೂಮಿಯಲ್ಲಿ ಕಣ್ಣೀರಾದ ತಂಡ’ ಅಂತ ಹೆಡ್ಡಿಂಗ್ ಕೊಟ್ಟು ನಮ್ಮೂರಿನ 28 ಜನರ ಫೋಟೋ ಹಾಕಿದೀರಲ್ಲ, ಅದರಲ್ಲಿ ಬಲಗಡೆ ಕೊನೇಲಿ ಅರ್ಧ ಭುಜ ಮಾತ್ರ ಕಾಣ್ತಿದೆಯಲ್ಲ, ಅದು ನಂದು. ಫೋಟೋ ಹೊಡೆಯೋ ಹೊತ್ತಿಗೆ ನಾನು ಸ್ಮಾರಕದ ಗೋಡೆ ಕಡೆ ತಿರುಗಿ ನಮ್ಮಣ್ಣನ ಹೆಸರು ಹುಡುಕ್ತಾ ಇದ್ದೆ. ಕಣ್ಣೀರು ಯಾರು ಹಾಕಿದ್ರು ಅಂತ ನನಗಂತೂ ಕಾಣಲಿಲ್ಲ. ಮಧ್ಯಾಹ್ನದ ಊಟ ಲೇಟ್ ಆಯ್ತು ಅಂತ ಇಬ್ಬರು ಗೊಣಗ್ತಾ ಇದ್ದಿದ್ದು ಮಾತ್ರ ಕೇಳಿಸ್ತು.

ಮೊದಲು ನಿಮ್ಮ ವರದಿಯ ತಪ್ಪು ಹೇಳ್ತೀನಿ. ‘ಶ್ರೀಲಂಕಾ ವಿರುದ್ಧದ ಯುದ್ಧದಲ್ಲಿ ಮಡಿದ ಯೋಧರು’ ಅಂತ ಬರೆದಿದೀರಿ. ಯಾವ ಯುದ್ಧ ಸ್ವಾಮಿ ಅದು? ನಾವು ಶ್ರೀಲಂಕಾ ಮೇಲೆ ಯುದ್ಧಕ್ಕೇ ಹೋಗಿಲ್ಲ. ಅದು ಅವರವರ ಅಂತರ್ಯುದ್ಧ, 1983ರಲ್ಲಿ ಶುರುವಾಗಿ 2009ರವರೆಗೆ ನಡೀತು, ಮಧ್ಯದಲ್ಲಿ 1987ರ ಜುಲೈ 29ಕ್ಕೆ ಒಪ್ಪಂದ ಮಾಡ್ಕೊಂಡು ನಮ್ಮ ಹುಡುಗರನ್ನ ಶಾಂತಿಪಾಲನಾ ಪಡೆ ಅಂತ ಕಳಿಸಿದ್ರು. ಶಾಂತಿ ಕಾಪಾಡೋಕೆ ಹೋದವರು ಅಕ್ಟೋಬರ್ ಹೊತ್ತಿಗೆ ಅಲ್ಲಿನ ತಮಿಳು ಬಂಡುಕೋರರ ಎಲ್‌ಟಿಟಿಇ ಜೊತೆ ಹೊಡೆದಾಡ್ತಾ ಇದ್ರು. ಜಾಫ್ನಾ ಯೂನಿವರ್ಸಿಟಿ ಮೈದಾನದಲ್ಲಿ ರಾತ್ರೋರಾತ್ರಿ ಹೆಲಿಕಾಪ್ಟರ್‌ನಿಂದ ಇಳಿದ 30 ಜನ ಸಿಖ್ ಲೈಟ್ ಇನ್ಫೆಂಟ್ರಿಯವರಲ್ಲಿ ಬದುಕಿ ಉಳಿದಿದ್ದು ಒಬ್ಬನೇ. 1990ರ ಮಾರ್ಚ್‌ನಲ್ಲಿ ಕೊನೇ ಹಡಗು ಮದ್ರಾಸಿಗೆ ಬಂದಾಗ ಬರಮಾಡಿಕೊಳ್ಳೋಕೆ ಅಲ್ಲಿನ ಮುಖ್ಯಮಂತ್ರಿಯೇ ಹೋಗಲಿಲ್ಲ. ಅಷ್ಟು ಹೊತ್ತಿಗೆ ಹತ್ತಿರ ಹತ್ತಿರ 1,200 ಜನ ಸತ್ತಿದ್ರು. ಇದನ್ನ ಬರೆಯೋಕೆ ಜಾಗ ಇರಲಿಲ್ಲ, ಮಾಜಿ ಸದಸ್ಯರು ಮಾಲೆ ಹಿಡಿದ ಫೋಟೋಗೆ ಮೂರು ಕಾಲಂ ಇತ್ತು!

ಇನ್ನು ಪ್ರವಾಸದ ವಿಷಯ. ಯಾವ ಟ್ರಾವೆಲ್ಸ್ ಅಂತ ನಾನು ಹೇಳಲ್ಲ, ಊರಿಗೆಲ್ಲ ಗೊತ್ತು. ‘ಹಳೇ ಯುದ್ಧಭೂಮಿ ದರ್ಶನ, ವೀರಯೋಧರಿಗೆ ನಮನ’ ಅಂತ ಪಾಂಪ್ಲೆಟ್ ಹಂಚಿ ತಲೆಗೆ 68 ಸಾವಿರ ತಗೊಂಡ್ರು. ಕೊಲಂಬೊದಿಂದ ಜಾಫ್ನಾ ಹತ್ತಿರ ಹತ್ತಿರ 400 ಕಿಲೋಮೀಟರ್, ಬೆಳಿಗ್ಗೆ ಮೂರೂವರೆಗೆ ಎಬ್ಬಿಸಿ ಮಿನಿ ಬಸ್‌ನ ಹಿಂದಿನ ಸೀಟಿಗೆ ನನ್ನ ತಳ್ಳಿದ್ರು, ನನ್ನ ಮಂಡಿ ಆಪರೇಷನ್ ಆಗಿದೆ ಅಂತ ಬುಕಿಂಗ್ ಮಾಡುವಾಗಲೇ ಹೇಳಿದ್ದೆ, ಎಸಿ ನೀರು ತೊಟ್ಟಿಕ್ಕಿ ಒಂದು ಭುಜ ಪೂರ್ತಿ ಒದ್ದೆ. ಬಹುಶಃ ಫೋಟೋದಲ್ಲಿ ಬಂದಿರೋದು ಅದೇ ಭುಜ.

ನಮ್ಮಣ್ಣ ಹೋಗಿದ್ದು ವವುನಿಯಾ ಹತ್ತಿರ, 1988ರಲ್ಲಿ, ನೆಲಬಾಂಬಿಗೆ. ಮನೆಗೆ ಬಂದಿದ್ದು ಒಂದು ಕರಿ ಟ್ರಂಕು, ಅದರ ಮೇಲೆ ಬಿಳಿ ಪೇಂಟ್‌ನಲ್ಲಿ ಬರೆದಿದ್ದ ಅವನ ಹೆಸರು, ನಂಬರು. ಆ ರೋಡಲ್ಲೇ ಬಸ್ ಹೋಯ್ತು, ಐದು ನಿಮಿಷ ನಿಲ್ಲಿಸ್ರಪ್ಪ ಅಂದೆ. ‘ಅಂಕಲ್, ಪ್ರೋಗ್ರಾಮ್‌ನಲ್ಲಿ ಇಲ್ಲ’ ಅಂದ ಮ್ಯಾನೇಜರ್ ಹುಡುಗ. ಒಂದು ಗಂಟೆ ಆದ್ಮೇಲೆ ಎಳನೀರಿಗೆ ನಿಲ್ಲಿಸಿದ್ರು, ಅದು ಪ್ರೋಗ್ರಾಮ್‌ನಲ್ಲಿ ಇತ್ತೇನೋ. ಕಿಲಿನೊಚ್ಚಿಯಲ್ಲಿ ಬಾಂಬಿಗೆ ಮಗುಚಿ ಬಿದ್ದ ದೊಡ್ಡ ವಾಟರ್ ಟ್ಯಾಂಕ್ ಹಾಗೇ ಬಿಟ್ಟಿದಾರೆ, ಅದರ ಮುಂದೆ ನಮ್ಮವರು ಟ್ಯಾಂಕ್ ಎತ್ತೋ ಥರ ಪೋಸ್ ಕೊಟ್ರು. ಎಲಿಫೆಂಟ್ ಪಾಸ್‌ನಲ್ಲಿ 1991ರಲ್ಲಿ ಎಲ್‌ಟಿಟಿಇಯವರು ನುಗ್ಗಿಸಿದ್ದ ಬುಲ್ಡೋಜರ್ ಇದೆ, ಲಂಕಾ ಸೈನಿಕನೊಬ್ಬ ಗ್ರೆನೇಡ್ ಹಿಡ್ಕೊಂಡು ಅದರ ಮೇಲೆ ಹತ್ತಿ ಪ್ರಾಣ ಕೊಟ್ಟು ನಿಲ್ಲಿಸಿದ್ದ. ಅದನ್ನ ಎಷ್ಟು ಚೊಕ್ಕವಾಗಿ ಇಟ್ಟಿದಾರೆ ಅಂದ್ರೆ ನೋಡಿ ಹೊಟ್ಟೆಕಿಚ್ಚಾಯ್ತು. ನನಗೆ ತಮಿಳು ಬರುತ್ತೆ, ಕೆಜಿಎಫ್‌ನಲ್ಲಿ ಹತ್ತು ವರ್ಷ ಇದ್ದೆ. ಕೋಪಾಯ್ ಹತ್ತಿರ ಡ್ರೈವರ್ ಒಂದು ಮಿಲಿಟರಿ ಕ್ಯಾಂಪ್ ತೋರಿಸಿ ಮೆತ್ತಗೆ ಹೇಳಿದ, ಇದರ ಕೆಳಗಡೆ ಎಲ್‌ಟಿಟಿಇ ಹುಡುಗರ ಗೋರಿಗಳಿದ್ವು, ಎಲ್ಲ ನೆಲಸಮ ಮಾಡಿ 2011ರಲ್ಲಿ ಕ್ಯಾಂಪ್ ಕಟ್ಟಿದ್ರು ಅಂತ. ನಮ್ಮಣ್ಣನ್ನ ಕೊಂದವರ ಕಡೆಯವರೇ ಇರಬಹುದು, ಆದ್ರೂ ನನಗೆ ಮಾತು ಹೊರಡಲಿಲ್ಲ. ಹಿಂದೆ ಅಂತ್ಯಾಕ್ಷರಿ ನಡೀತಾ ಇತ್ತು.

ಕೊನೇ ದಿನ ಬತ್ತರಮುಲ್ಲ ಹತ್ತಿರ, ಅವರ ಪಾರ್ಲಿಮೆಂಟ್ ಕಡೆ ಇರೋ ನಮ್ಮವರ ಸ್ಮಾರಕ. ಜೆಮ್ಸ್ ಅಂಗಡಿಯಲ್ಲಿ ಎರಡು ಗಂಟೆ, ಇಲ್ಲಿ ಗಡಿಯಾರ ನೋಡಿದೀನಿ, 12 ನಿಮಿಷ. ಕರಿ ಕಲ್ಲಿನ ಮೇಲೆ ಸಾಲು ಸಾಲು ಹೆಸರು, ಬಿಸಿಲು ಬಿದ್ದು ಹೊಳೆಯುತ್ತೆ, ನನ್ನ ಕನ್ನಡಕ ಬೇರೆ ಹಳೇದು, ಬೆರಳಿಟ್ಟು ಒಂದೊಂದೇ ಓದ್ಕೊಂಡು ಹೋಗ್ತಾ ಇದ್ದೆ. ಹೆಸರಿನ ಒಂದು ಫೋಟೋ ತಗೊಂಡು ಬಾ ಅಂತ ಅತ್ತಿಗೆ ಹೇಳಿ ಕಳಿಸಿದ್ರು, ಹಚ್ಚೋಕೆ ಅಂತ ಕರ್ಪೂರ ಕೊಟ್ಟಿದ್ರು. ಎರಡು ನಿಮಿಷ ಮೌನ ಅಂದ್ರು, ಅದರಲ್ಲಿ ಮಾಜಿ ಸದಸ್ಯರ ಮೊಬೈಲ್ ಎರಡು ಸಲ ಬಡ್ಕೊಳ್ತು. ನಾನಿನ್ನೂ ಮೂರನೇ ಕಲ್ಲಲ್ಲಿ ಇದ್ದೆ, ಫ್ಲೈಟ್ ಮಿಸ್ ಆಗುತ್ತೆ ಅಂತ ಸೀಟಿ ಊದಿದ್ರು. ಏರ್‌ಪೋರ್ಟ್‌ನಲ್ಲಿ ನಾಲ್ಕು ಗಂಟೆ ಕೂತಿದ್ವಿ. ಕರ್ಪೂರ ಇನ್ನೂ ಜೇಬಲ್ಲೇ ಇದೆ.

ಇವರನ್ನ ಬೈದು ಏನು ಪ್ರಯೋಜನ, ನಮ್ಮ ಕಚೇರಿಗಳು ಇದಕ್ಕಿಂತ ಏನು ಮೇಲು? ಪೆನ್ಷನ್ ಬುಕ್‌ನಲ್ಲಿ ಅತ್ತಿಗೆ ಹೆಸರಿಗೆ ಒಂದು ಅಕ್ಷರ ಕಡಿಮೆ, ಆಧಾರ್‌ನಲ್ಲಿ ಒಂದು ಜಾಸ್ತಿ, ಅದಕ್ಕೆ ಮೂರು ವರ್ಷ ಅಲೆಸಿದ್ರು. ಕೌಂಟರ್‌ನಲ್ಲಿ ಪ್ರತಿಸಲ ಒಂದೇ ಪ್ರಶ್ನೆ, ‘ಕಾರ್ಗಿಲ್ಲಾ?’ ಅಲ್ಲಪ್ಪ ಶ್ರೀಲಂಕಾ ಅಂದ್ರೆ ಕ್ರಿಕೆಟ್ ಟೀಮ್ ಹೆಸರು ಕೇಳಿದವರ ಥರ ಮುಖ ನೋಡ್ತಾರೆ. ನಮ್ಮ ಬೀದಿಗೆ ಅಣ್ಣನ ಹೆಸರಿಟ್ಟು ಬೋರ್ಡ್ ಹಾಕಿದ್ರು, ಯುಜಿಡಿ ಪೈಪ್‌ಗೆ ಅಗೆದಾಗ ಕಿತ್ತು ಚರಂಡಿ ಪಕ್ಕ ಒರಗಿಸಿದ್ದು ಅಲ್ಲೇ ಇದೆ, ಈಗ ಅದರ ಮೇಲೆ ಕೋಚಿಂಗ್ ಕ್ಲಾಸ್ ಪೋಸ್ಟರ್. ಅರ್ಜಿ ಕೊಟ್ಟೆ, ಟಪಾಲು ಸೀಲ್ ಹೊಡೆದು ಕಳಿಸಿದ್ರು. ಅಷ್ಟೇ.

ಅದಕ್ಕೇ ನಿಮ್ಮ ಪತ್ರಿಕೆ ತಿದ್ದುಪಡಿ ಹಾಕಲಿ, ಟ್ರಾವೆಲ್ಸ್‌ನವರು ದುಡ್ಡು ವಾಪಸ್ ಕೊಡ್ಲಿ. ದುಡ್ಡು ಬೇಡ ಬಿಡಿ, ಇನ್ನೊಂದು ಸಲ ಕರ್ಕೊಂಡು ಹೋಗ್ಲಿ, ಅದೂ ಬೇಡ, ಅವರ ಜೊತೆ ಹೋಗೋ ಶಕ್ತಿ ನನಗಿಲ್ಲ, ಅಲ್ಲಿರೋ ಯಾರಾದ್ರೂ ಹೋಗಿ ಒಂದು ಫೋಟೋ ತೆಗೆದು ಕಳಿಸಿದ್ರೆ ಸಾಕು. ಸಂಬಂಧಪಟ್ಟವರು ಗಮನ ಹರಿಸಲಿ. ಸಂಬಂಧಪಟ್ಟವರು ಯಾರು ಅಂತ ಇಷ್ಟು ವರ್ಷ ಆದ್ರೂ ನಮಗೆ ಗೊತ್ತಾಗಿಲ್ಲ. ಇನ್ಮೇಲಾದ್ರೂ ‘ಕಣ್ಣೀರು’ ಅಂತ ಬರೆಯೋ ಮುಂಚೆ ಹೋದವರಲ್ಲಿ ಒಬ್ಬರನ್ನಾದ್ರೂ ಕೇಳಿ, ಮರ್ಯಾದೆ ಇದ್ರೆ.

ಇಂತಿ,
ಫೋಟೋದಲ್ಲಿ ಅರ್ಧ ಬಂದವನು