ಮಲ್ಲಿಗೆ ಮನೆಯಲ್ಲೇ ಇರಲಿ

ಪ್ರೀತಿಯ ಗೆಳೆಯಾ,

ಸೋಮವಾರ ನಿನ್ನ ಅಕ್ಕನಿಗೆ ಕ್ಯಾನ್ಸರಿಗೆ ಮೊದಲ ಕೀಮೋ ಅಂತ ನಿನ್ನೆ ನೀನು ಹೇಳಿದೆ. ಮನಸ್ಸಿಗೆ ಹಿತವಾಗಲಿಕ್ಕೆ ಪರಿಮಳದ ಎಣ್ಣೆ ಏನಾದರೂ ತರಲಾ ಅಂತ ಕೇಳಿದೆ. ಫೋನಿನಲ್ಲಿ ಸರಿಯಾಗಿ ಹೇಳಲಿಕ್ಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ ಮಾರಾಯ. ಅವರಿಗೆ ಮಲ್ಲಿಗೆ ಅಂದರೆ ಪ್ರಾಣ, ನಿನಗೆ ಗೊತ್ತಲ್ವಾ. ಮೊದಲ ಕೀಮೋ ದಿನ ಬೆಳಿಗ್ಗೆ ಕಟಪಾಡಿಯಲ್ಲಿ ಒಂದು ಚೆಂಡು ಶಂಕರಪುರ ಮಲ್ಲಿಗೆ ತೆಗೆದುಕೊಂಡು ಮಂಗಳೂರಿಗೆ ಒಯ್ದೆ. ಡ್ರಿಪ್ ಹಾಕುವಾಗ ದಿಂಬಿನ ಹತ್ತಿರ ಬಿಡಿಸಿಟ್ಟೆ. ಅಮ್ಮ ನಕ್ಕರು. ರಾತ್ರಿ ವಾಂತಿ ಶುರುವಾಯಿತು. ಮುಂದಿನ ವಾರ ಪಕ್ಕದ ಮನೆಯವರು ಹೂ ತಂದರೆ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು. ಚಿಕಿತ್ಸೆ ಮುಗಿದ ಮೇಲೂ ಎಷ್ಟೋ ತಿಂಗಳು ನಮ್ಮ ದೇವರ ಕೋಣೆಗೆ ಮಲ್ಲಿಗೆ ಬರಲಿಲ್ಲ.

ವಾಸನೆ ಅನ್ನುವುದು ಮೂಗಿನಿಂದ ಮೆದುಳಿನಲ್ಲಿ ನೆನಪು, ಭಾವನೆ ಇರುವ ಜಾಗಕ್ಕೆ ತುಂಬ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಸಮಾಧಾನ ಬರುವುದೂ ಅದೇ ದಾರಿಯಲ್ಲಿ, ಸಂಕಟ ಅಂಟಿಕೊಳ್ಳುವುದೂ ಅದೇ ದಾರಿಯಲ್ಲಿ. ಕೆಲವರಿಗೆ ಆಸ್ಪತ್ರೆಯ ಗೇಟು ಕಂಡರೇ ಓಕರಿಕೆ ಬರುತ್ತದಲ್ಲ, ಅದೂ ಹೀಗೇ. ಹಾಗಾಗಿ ಅಕ್ಕನಿಗೆ ತುಂಬ ಇಷ್ಟದ ಪರಿಮಳವನ್ನು ಕೀಮೋ ದಿನ ಹತ್ತಿರ ತರಬೇಡ.

ನಮಗೆ ಕೊನೆಗೆ ಆಧಾರವಾದದ್ದು ಒಂದು ಲಿಂಬೆಹಣ್ಣು. ಅಮ್ಮ ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಗೀರಿ, ಮೂಗಿಗೆ ಹಿಡಿದು, ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಣ್ಣಿನ ಮೈಯೆಲ್ಲ ಗೀರು. ಬಿಗಿಯಾಗಿದ್ದ ಭುಜ ಸಡಿಲಾಗುವುದು ನನಗೆ ಕಾಣುತ್ತಿತ್ತು. ಮನೆಯಲ್ಲಿ ರಾತ್ರಿ ಹತ್ತಿಯ ಮೇಲೆ ಲ್ಯಾವೆಂಡರ್ ಎಣ್ಣೆ, ಒಂದೇ ಹನಿ. ಬೇಡ ಅಂದ ದಿನ ತೆಗೆದು ಹೊರಗಿಡುತ್ತಿದ್ದೆ. ಕೀಮೋ ನಡೆಯುವಾಗ ಮೂಗು, ನಾಲಿಗೆ ಎರಡೂ ಬದಲಾಗುತ್ತವೆ. ಇವತ್ತು ಹಿತವಾದದ್ದು ನಾಳೆ ಆಗದೇ ಇರಬಹುದು.

ಎಣ್ಣೆ ತರುವುದಾದರೆ ಮೊದಲು ಡಾಕ್ಟರನ್ನು ಕೇಳು. ಯಾರು ಏನೇ ಹೇಳಲಿ, ಕುಡಿಸಬೇಡ. ಮೈಗೆ ನೇರವಾಗಿ ಹಚ್ಚಲೂ ಬೇಡ. ಕೈಕಾಲು ತಿಕ್ಕಲಿಕ್ಕೆ ಡಾಕ್ಟರು ಒಪ್ಪಿದರೆ 5 ಎಂಎಲ್ ತೆಂಗಿನೆಣ್ಣೆಗೆ 1 ಹನಿ, ಅಷ್ಟು ಸಾಕು. ರೇಡಿಯೇಷನ್ ಕೊಟ್ಟ ಜಾಗಕ್ಕೆ, ಪೋರ್ಟ್ (ಔಷಧ ಹಾಕಲಿಕ್ಕೆ ಚರ್ಮದಡಿ ಇಡುವ ಸಾಧನ) ಇರುವ ಕಡೆಗೆ ಅದೂ ಬೇಡ. ವಾರ್ಡಿನಲ್ಲಿ ಸ್ಪ್ರೇ ಗೀಪ್ರೇ ಮಾಡಬೇಡ, ಪಕ್ಕದ ಹಾಸಿಗೆಯವರಿಗೂ ಸಂಕಟ ಇರುತ್ತದೆ. ಪರಿಮಳದಿಂದ ಕ್ಯಾನ್ಸರ್ ಗುಣವಾಗುವುದಿಲ್ಲ. ವಾಂತಿಯ ಮಾತ್ರೆ ಒಂದೂ ತಪ್ಪಿಸಬೇಡ. ಆ ಉದ್ದದ ಗಂಟೆಗಳಲ್ಲಿ ಹೆದರಿಕೆ ಸ್ವಲ್ಪ ಕಮ್ಮಿಯಾದರೆ ಅದೇ ದೊಡ್ಡದು.

ಸೋಮವಾರ ನಾನೂ ಮೊದಲ ಬಸ್ಸಿಗೆ ಬರುತ್ತೇನೆ. ಹಿತ್ತಲಿನ ಗಿಡದಲ್ಲಿ ಲಿಂಬೆ ಬಿಟ್ಟಿದೆ, ನಾಲ್ಕು ತರುತ್ತೇನೆ. ಅದರ ವಾಸನೆ ಆಗುತ್ತದಾ ಅಂತ ಅಕ್ಕನ ಹತ್ತಿರ ಮೊದಲೇ ಕೇಳಿಡು. ಆಗುವುದಿಲ್ಲ ಅಂದರೆ ಬರೀ ಕೈಯಲ್ಲಿ ಬಂದು ಅವರ ಹತ್ತಿರ ಕೂತುಕೊಳ್ಳುತ್ತೇನೆ.

ನಿನ್ನ ಗೆಳೆಯ