ಗ್ರಂಥಾಲಯದ ಆ ಮೇಡಂಗೆ ಧನ್ಯವಾದ

ಮೇಡಂ, ಹೆಸರು ಹಾಕಬೇಡಿ ಅಂದಿರಿ, ಹಾಕುತ್ತಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲಾರೆ. ರಾಗಿ ಕುರಿತ ನನ್ನ ಪಿಎಚ್‌.ಡಿ.ಯ ಸಾಹಿತ್ಯ ಸಮೀಕ್ಷೆ ಅಧ್ಯಾಯ ಗೈಡ್ ಕೈ ಸೇರಿತು. ಅದು ನಿಂತಿರುವುದೇ ನೀವು ಕಲಿಸಿದ ಬಿಬ್ಲಿಯೊಮೆಟ್ರಿಕ್ಸ್ ಮೇಲೆ, ಅಂದರೆ ಲೇಖನಗಳನ್ನೂ ಅವುಗಳ ಉಲ್ಲೇಖಗಳನ್ನೂ ಎಣಿಸಿ ಒಂದು ಕ್ಷೇತ್ರವನ್ನು ಅಳೆಯುವ ವಿಧಾನದ ಮೇಲೆ.

ಸಾಫ್ಟ್‌ವೇರ್ ಮುಟ್ಟುವ ಮೊದಲು ಪೆನ್ನು ಹಾಳೆ ಕೊಟ್ಟು ಹುಡುಕುಪದ ಬರೆಸಿದಿರಿ. ‘ಫಿಂಗರ್ ಮಿಲೆಟ್’ ಒಂದೇ ಸಾಲದು, ‘ರಾಗಿ’ ಇರಲಿ, ವೈಜ್ಞಾನಿಕ ಹೆಸರು ‘ಎಲ್ಯೂಸಿನ್ ಕೊರಕಾನಾ’ ಇರಲಿ, ಪೂರ್ವ ಆಫ್ರಿಕಾದವರ ‘ವಿಂಬಿ’ಯೂ ಇರಲಿ ಎಂದಿರಿ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸಂಶೋಧನಾ ಲೇಖನಗಳ ಡೇಟಾಬೇಸ್ ಎರಡರಲ್ಲೂ ಬಂದ ಒಂದೇ ಲೇಖನವನ್ನು ಡಿಒಐ (ಲೇಖನದ ಗುರುತುಸಂಖ್ಯೆ) ನೋಡಿ ತೆಗೆಯುವುದು, ನಕ್ಷೆ ಬಿಡಿಸುವ ಸಾಫ್ಟ್‌ವೇರ್ ವಾಸ್‌ವ್ಯೂವರ್‌ನ ಥೆಸಾರಸ್ ಫೈಲಿನಲ್ಲಿ (ಸಮಾನಪದಗಳ ಪಟ್ಟಿಯಲ್ಲಿ) ಈ ಹೆಸರುಗಳನ್ನೆಲ್ಲ ಒಂದು ಮಾಡುವುದು, ಎಲ್ಲ ನಿಮ್ಮಿಂದಲೇ ಕಲಿತೆ. ಹಾಗೆ ಒಂದು ಮಾಡದಿದ್ದರೆ ನಕ್ಷೆಯಲ್ಲಿ ರಾಗಿಯೇ ನಾಲ್ಕು ಚುಕ್ಕಿಯಾಗಿ ಒಡೆದುಹೋಗುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಇನ್ನೊಂದು. ಎರಡು ಲೇಖನಗಳು ಒಂದೇ ಆಕರಗಳನ್ನು ಉಲ್ಲೇಖಿಸಿದ್ದರೆ ಅವು ನೆಂಟರು: 1963ರಲ್ಲಿ ಕೆಸ್ಲರ್ ಮುಂದಿಟ್ಟ ಬಿಬ್ಲಿಯೊಗ್ರಾಫಿಕ್ ಕಪ್ಲಿಂಗ್ ಇದು. ಎರಡನ್ನೂ ಮೂರನೆಯವರು ಒಟ್ಟಿಗೆ ಉಲ್ಲೇಖಿಸಿದರೆ ಅದು ಕೋ-ಸೈಟೇಶನ್, 1973ರಲ್ಲಿ ಹೆನ್ರಿ ಸ್ಮಾಲ್ ವಿವರಿಸಿದ್ದು. ಹೊಸ ಲೇಖನಗಳಿಗೆ ಇನ್ನೂ ಉಲ್ಲೇಖ ಬಿದ್ದಿರುವುದಿಲ್ಲ, ಹಾಗಾಗಿ ಅವನ್ನು ಹಿಡಿಯಲು ಮೊದಲನೆಯದು. ಕ್ಷೇತ್ರದ ಬೇರು ನೋಡಲು ಎರಡನೆಯದು. ಇಷ್ಟು ತಿಳಿಯಾಗಿ ಯಾವ ಕಾರ್ಯಾಗಾರದಲ್ಲೂ ಕೇಳಿರಲಿಲ್ಲ.

ನಕ್ಷೆ ಬಂದ ಮೇಲೂ ಬಿಡಲಿಲ್ಲ ನೀವು. ‘ಪ್ರತಿ ಬಣ್ಣದ ಗುಂಪಿನ ಮುಖ್ಯ ಲೇಖನ ಪೂರ್ತಿ ಓದಿ, ಬಣ್ಣ ನೋಡಿ ತೀರ್ಮಾನ ಬರೀಬೇಡಿ’ ಎಂದಿರಿ. ಓದಿದೆ ಮೇಡಂ, ಓದಿಯೇ ಬರೆದೆ. ನಿಮ್ಮ ಊಟದ ಬಿಡುವನ್ನೆಲ್ಲ ನನಗೆ ಕೊಟ್ಟಿರಿ. ತುಂಬಾ ಉಪಕಾರವಾಯಿತು.